ಮೆಕ್ಕೆಜೋಳದ ತೇವಕ್ಕೆ ಬಾಯಿ ಬಂದದ್ದು

ಬಾಯಿ ಬಿಗಿ ಹಿಡಿದೇ ಮೆಕ್ಕೆಜೋಳದ ವ್ಯಾಪಾರ ಮಾಡಿಕೊಂಡು ಬಂದವನು ನಾನು. ಆದರೂ ನನ್ನ ಗುಟ್ಟು ಆಗಾಗ ಬೀದಿಗೆ ಬರುತ್ತದೆ, ಅದೂ ನಮ್ಮವರಿಂದಲೇ.

೧. ಗೋದಾಮು

ಸೊಸೆ ದಾವಣಗೆರೆಯ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುತ್ತಾಳೆ. ತನ್ನ ಕಲಾಪ್ರದರ್ಶನಕ್ಕೆಂದು ಹರಿಹರದ ನಮ್ಮ ಗೋದಾಮಿನ ಐದೂ ಲಾಟಿನ ಚೀಲಗಳಿಗೆ ತೇವ ಅಳೆಯುವ ಕಡ್ಡಿ ಚುಚ್ಚಿಸಿ, ಆ ಅಂಕಿಗಳೆಲ್ಲ ಸ್ಪೀಕರಿನಲ್ಲಿ ಸದ್ದಾಗುವಂತೆ ಮಾಡಿದಳು. ಕಾಳು ಒಣಗಿದ್ದರೆ ಗೆಜ್ಜೆ, ತೇವವಿದ್ದರೆ ನಗಾರಿ.

ಮೂರನೇ ಲಾಟು ನಗಾರಿ ಬಾರಿಸಿತು. ಕೋಳಿ ಆಹಾರದ ಮಿಲ್ಲಿನ ಸಾಹೇಬರು ಮುಂದಿನ ವಾರ ಮಾಲು ನೋಡಲು ಬರುವವರಿದ್ದರು. ಎದುರಿನ ಚೀಲದಿಂದ ಒಂದು ಹಿಡಿ ಕಾಳು ತೆಗೆದು ನೋಡಿ ಹೋಗುವುದು ಅವರ ಪದ್ಧತಿ. ಮೂರನೇದನ್ನು ಹಿಂದಿನ ಗೋಡೆಯ ಹತ್ತಿರ ಹಾಕಿಸಿದೆ.

"ಆ ಸ್ಪೀಕರ್ ಬಂದ್ ಮಾಡಪಾ" ಅಂದೆ ಹಮಾಲರ ಮುಖಂಡನಿಗೆ.

"ಬ್ಯಾಡ್ರಿ ಸಾವ್ಕಾರ್ರೆ, ಆ ತಾಳಕ್ಕೆ ಚೀಲ ಹಗುರ ಆಗ್ತಾವೆ. ನಿಮ್ಮ ಬೈಗುಳಕ್ಕೆ ಆಗ್ತಿರಲಿಲ್ಲ."

೨. ಸೆರಗು

ಅದೇ ಅಂಕಿಗಳನ್ನು ಸೊಸೆ ಬಣ್ಣ ಮಾಡಿ ಅತ್ತೆಯ ಸೀರೆಗೆ ಅಚ್ಚು ಹಾಕಿಸಿದಳು. ಒಣಗಿದ್ದು ಹಳದಿ, ತೇವ ನೀಲಿ. ನನ್ನವಳು ಅದನ್ನುಟ್ಟು ಮದುವೆಗೆ ಹೊರಟಳು. ಅರ್ಧ ಮಂಟಪ ಮಾರುಕಟ್ಟೆಯವರೇ.

"ಈ ನೀಲಿ ಎಷ್ಟ್ ಚೆಂದ ಐತೆ ಅತ್ಗೆಮ್ಮ, ಏನಿದು?" ಅಂತ ಒಬ್ಬಾಕೆ ಕೇಳಿದಳು. ಇವಳು ವಿವರಿಸಲು ಬಾಯಿ ತೆಗೆದಳು. "ಊಟಕ್ಕೆ ಎಲೆ ಹಾಕ್ಯಾರೆ, ನಡಿ" ಅಂತ ಎಳೆದುಕೊಂಡು ಹೋದೆ.

ಆಮೇಲೆ ಮನೆ ಸೇರುವವರೆಗೂ ಆ ಸೆರಗಿಗೆ ಅಡ್ಡಲಾಗಿಯೇ ನಿಂತಿದ್ದೆ. ಗಂಡ ಹೆಂಡತಿ ಅಂದರೆ ಹೀಗಿರಬೇಕು ಅಂತ ನಾಲ್ಕು ಜನ ಹೊಗಳಿದರು.

೩. ಪ್ರದರ್ಶನ

ಸಾಹೇಬರು ಹರಿಹರಕ್ಕೆ ಬರುವ ಹಿಂದಿನ ದಿನವೇ ಕಾಲೇಜಿನಲ್ಲಿ ಸೊಸೆಯ ಪ್ರದರ್ಶನ. ಗೋದಾಮಿನ ಸದ್ದು ಅಲ್ಲಿಂದ ನೇರವಾಗಿ ಇಲ್ಲಿನ ಹಾಲಿಗೆ. ಒಳಗೆ ಹೋದರೆ ಮುಂದಿನ ಸಾಲಿನಲ್ಲಿ ಸಾಹೇಬರೇ ಕೂತಿದ್ದಾರೆ, ಕಣ್ಣು ಮುಚ್ಚಿಕೊಂಡು. ಅವರ ಮಗಳು ಅಲ್ಲೇ ಓದುತ್ತಾಳಂತೆ.

ನಾಲ್ಕು ಗೆಜ್ಜೆ, ಒಂದು ನಗಾರಿ. ನನ್ನ ಅಂಗಿ ಬೆವರಿಗೆ ಒದ್ದೆಯಾಯಿತು. ಅಷ್ಟರಲ್ಲಿ ಗೆಜ್ಜೆಯೆಲ್ಲ ನಿಂತು ಐದೂ ನಗಾರಿ ಒಟ್ಟಿಗೆ ಶುರುವಾದವು. ಕಿಟಕಿ ಗಾಜು ಅದುರಿತು. ಮೂಲೆಗೆ ಹೋಗಿ ಮುಖಂಡನಿಗೆ ಫೋನ್ ಮಾಡಿದೆ.

"ನಾಳೆ ಸಾಹೇಬ್ರು ಬರ್ತಾರೆ, ಎಲ್ಲಾ ಸ್ವಚ್ಛ ಇರ್ಲಿ ಅಂದಿದ್ರಲ್ರಿ? ಕಡ್ಡಿ ಧೂಳು ಹಿಡಿದಿದ್ವು. ಕಿತ್ತು ಬಕೆಟ್ ನೀರಿಗೆ ಹಾಕೀನಿ."

ಓಡಿ ಹೋಗಿ ಸಾಹೇಬರ ಪಕ್ಕ ಕೂತೆ. "ಸಾಹೇಬ್ರೆ, ಇದನ್ನ ನಂಬಬ್ಯಾಡ್ರಿ. ಇದು ಬಕೆಟ್ ನೀರಿನ ಸದ್ದು. ಖರೆ ತೇವ ಇರೋದು ಗೋಡೆ ಹತ್ರದ ಮೂರನೇ ಲಾಟು ಒಂದೇ."

ಸಾಹೇಬರು ಕಣ್ಣು ಬಿಟ್ಟರು. "ಓ, ಇದು ನಿಮ್ಮ ಗೋದಾಮೇನ್ರಿ? ನಾನು ಎಸಿ ಐತಲ್ಲ ಅಂತ ನಿದ್ದಿ ಹೊಡೀತಿದ್ದೆ" ಅಂದವರು ಎದ್ದು ನನ್ನ ಹೆಗಲು ತಟ್ಟಿದರು. "ಆಯ್ತು ಬಿಡ್ರಿ, ನಾಳೆ ಗೋಡೆ ಕಡೆಯಿಂದ್ಲೇ ನೋಡೋಣಂತೆ."