ಅಯಸ್ಕಾಂತಕ್ಕೆ ಅಂಟದ ಬಿಲ್ಲೆ ಮತ್ತು ಅಜ್ಜಿ

ಇವತ್ತಾದರೂ ಗಂಭೀರವಾಗಿರಬೇಕು ಅಂತ ಆರ್.ಟಿ. ನಗರದಲ್ಲಿ ಶಪಥ ಮಾಡಿ ಹೊರಡ್ತೀನಿ. ಹೆಬ್ಬಾಳ ಫ್ಲೈಓವರ್ ಮೇಲೆ ಅರ್ಧ ಶಪಥ ಮುಗಿದುಹೋಗುತ್ತೆ. ಉಳಿದರ್ಧವನ್ನ ಯಲಹಂಕದ ನಮ್ಮ ಫಿಸಿಕ್ಸ್ ಲ್ಯಾಬ್ ಮುಗಿಸುತ್ತೆ.

ನನ್ನ ಹತ್ರ ಪಿಎಚ್.ಡಿ. ಮಾಡ್ತಿದ್ದ ಹುಡುಗಿ ಪಕ್ಕದ ಹಳ್ಳಿಯವಳು. ಪೆರೋವ್‌ಸ್ಕೈಟ್ ಅನ್ನೋ ಜಾತಿಯ ಪುಡಿಯನ್ನ ಬಿಲ್ಲೆ ಮಾಡಿ ಸುಡೋದು, ಎಷ್ಟು ಬಿಸಿಯಾದಾಗ ಅದು ಅಯಸ್ಕಾಂತದ ಗುಣ ಕಳ್ಕೊಳ್ಳುತ್ತೆ ಅಂತ ಅಳೆಯೋದು ಅವಳ ಕೆಲಸ. ಬಲು ಚುರುಕು. ಆದರೆ ಹೊಸಬರು ಎದುರಿಗೆ ಕೂತರೆ ಬಾಯಿ ಕಟ್ಟಿಬಿಡ್ತಿತ್ತು. ಕೊನೆಗೆ ವೈವಾದಲ್ಲಿ ಪರೀಕ್ಷಕರ ಮುಂದೆ ಬಾಯಿ ಬಿಡದಿದ್ದರೆ ಇಷ್ಟು ವರ್ಷದ ದುಡಿಮೆ ನೀರಲ್ಲಿ ಹೋಮ. ನನಗೆ ಅದೇ ಹೆದರಿಕೆ.

ಮಜ್ಜಿಗೆ

ಏಪ್ರಿಲ್‌ನಲ್ಲಿ ಲ್ಯಾಬ್ ನೋಡೋಕೆ ಹಿರಿಯ ಪ್ರೊಫೆಸರ್ ಒಬ್ಬರು ಬಂದ್ರು. ಇವಳ ಒಂದು ಬಿಲ್ಲೆ ಮೂವತ್ತೈದು ಡಿಗ್ರಿ ಆಸುಪಾಸಿನಲ್ಲೇ ಗುಣ ಬಿಡ್ತಿತ್ತು. ಅಯಸ್ಕಾಂತಕ್ಕೆ ಅಂಟಿಸಿ ತೋರಿಸೋಣ ಅಂದ್ರೆ ಕರೆಂಟಿಲ್ಲ, ಮೇಲೆ ತಗಡಿನ ಸೂರು, ಒಳಗೆ ಅದಕ್ಕಿಂತ ಜಾಸ್ತಿ ಬಿಸಿ. ಬಿಲ್ಲೆ ಟಪ್ ಅಂತ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಹುಡುಗಿ ಗೋಡೆ ನೋಡ್ತಾ ನಿಂತಳು. ನಾನು ರೇಗಿ, ಅಟೆಂಡರ್ ತಂದಿದ್ದ ತಣ್ಣನೆ ಮಜ್ಜಿಗೆ ಪ್ಯಾಕೆಟ್ ಕಿತ್ಕೊಂಡು ಬಿಲ್ಲೆ ಮೇಲೆ ಒತ್ತಿ ಹಿಡಿದೆ. ಅಂಟಿತು!

ಪ್ರೊಫೆಸರ್ ಬೆವರು ಒರೆಸ್ಕೊಂಡು, "ನನ್ನ ಗುಣಾನೂ ಬಿಟ್ಟುಹೋಗ್ತಿದೆ ಮೇಡಂ, ಇನ್ನೊಂದು ಪ್ಯಾಕೆಟ್ ಇದ್ಯಾ?" ಅಂದ್ರು.

ಕುಂಕುಮ

ಆಯುಧಪೂಜೆಗೆ ಹುಡುಗಿಯ ಅಜ್ಜಿ ಚೆಂಡುಹೂವಿನ ಸಮೇತ ಬಂದ್ರು. ನಾನು ಕಾಫಿ ಕುಡಿದು ಬರೋಷ್ಟರಲ್ಲಿ ಫರ್ನೇಸಿಗೆ ಹಾರ. ಸುಡೋಕೆ ಇಟ್ಟಿದ್ದ ಬಿಲ್ಲೆಗಳಿಗೆಲ್ಲ ಒಂದೊಂದು ಬೊಟ್ಟು!

"ಅಯ್ಯೋ, ಸ್ಯಾಂಪಲ್ ಕೆಡ್ತಲ್ಲ ಅಜ್ಜಿ!" ಅಂತ ಕಿರುಚಿದೆ.

"ಬರೀ ಅಣೇಲಿ ಬೆಂಕಿಗೆ ಎಂಗ್ ಕಳ್ಸಾದು ಮೇಡಮ್ಮೋರೆ?" ಅಂದ್ರು ಅಜ್ಜಿ, ಮುಖ ಸಣ್ಣಗೆ ಮಾಡ್ಕೊಂಡು.

ಆ ಮುಖ ನೋಡಿ ನಾನೇ ಸೋತೆ. ಬೊಟ್ಟಿನ ಬಿಲ್ಲೆ ಒಂದನ್ನ ಹಾಗೇ ಸುಟ್ಟು ಅಳೆದ್ವಿ. ಅಷ್ಟು ಚೆಂದದ ಫಲಿತಾಂಶ ಬೇರೆ ಯಾವ ಬಿಲ್ಲೆಯಲ್ಲೂ ಬಂದಿರಲಿಲ್ಲ. ಪ್ರಬಂಧಕ್ಕೆ ಮಾತ್ರ ಸೇರಿಸಲಿಲ್ಲ. ತಯಾರಿಸಿದ ವಿಧಾನ ಅನ್ನೋ ಕಡೆ ಏನಂತ ಬರೆಯೋದು?

ಒಪ್ಪಿಗೆ

ವೈವಾ ದಿನ ಅಜ್ಜಿ ರೇಷ್ಮೆ ಸೀರೆಯುಟ್ಟು, ತಟ್ಟೆಗಳಲ್ಲಿ ಹಣ್ಣು, ಹೂವು, ಎಲೆ-ಅಡಿಕೆ ಇಟ್ಕೊಂಡು, ನೆಂಟರ ಸಮೇತ ಮುಂದಿನ ಸಾಲಲ್ಲಿ ಕೂತಿದ್ರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದ್ರು: "ಬಿಲ್ಲೆಯಲ್ಲಿ ಸ್ಟ್ರಾಂಷಿಯಂ ಜಾಸ್ತಿ ಮಾಡಿದ್ರೆ ಅದು ಗುಣ ಬಿಡೋ ಉಷ್ಣತೆ ಯಾಕಮ್ಮ ಮೇಲೇರುತ್ತೆ?" ಹುಡುಗಿಯ ಬಾಯಿ ಕಟ್ಟಿತು. ಇನ್ನೊಂದು ಕೇಳಿದ್ರು. ಅವಳು ಮತ್ತೆ ಗೋಡೆ ನೋಡಿದಳು.

ಅಜ್ಜಿ ಎದ್ದೇಬಿಟ್ರು. "ಸ್ವಾಮಿ, ಮಗು ಒಂದ್ ಗುಟುಕು ನೀರ್ ಕುಡೀಲಿ ತಡೀರಿ. ಎಣ್ಣು ನೋಡಾಕ್ ಬಂದೋರೂ ಇಷ್ಟೊಂದ್ ಕೇಳಾಕಿಲ್ಲ!"

ಸಭೆ ಗೊಳ್ಳಂತು. ಹುಡುಗಿಗೂ ನಗು ತಡೆಯಲಾಗಲಿಲ್ಲ. ನಗುವಿನ ಹಿಂದೆಯೇ ಮಾತು ಬಂತು. ಬೋರ್ಡ್ ತುಂಬ ಬರೆದು, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟಳು. ನಾನು ಅತ್ತೆ, ಅದರಲ್ಲಿ ನಾಚಿಕೆ ಏನು ಬಂತು!

ಪರೀಕ್ಷಕರು ಪಕ್ಕದ ಕೋಣೆಯಲ್ಲಿ ಸಹಿ ಹಾಕಿ ಹೊರಗೆ ಬಂದ್ರೆ, ಬಾಗಿಲಲ್ಲಿ ಎಲೆ-ಅಡಿಕೆ ತಟ್ಟೆ ಹಿಡಿದ ಅಜ್ಜಿ.

"ಒಪ್ಗೆನಾ ಸ್ವಾಮಿ?"

"ಪೂರ್ತಿ ಒಪ್ಪಿಗೆ ತಾಯಿ. ನಿಮ್ಮ ಮೊಮ್ಮಗಳು ಈಗ ಡಾಕ್ಟರು," ಅಂತ ಅವರು ತಟ್ಟೆಗೆ ಕೈ ಚಾಚಿದ್ರು.

ಅಜ್ಜಿ ಮೊಮ್ಮಗಳ ಕೆನ್ನೆ ಸವರಿ, ಕಣ್ಣೊರೆಸ್ಕೊಂಡು, ತಟ್ಟೆ ಹಿಂದಕ್ಕೆ ಎಳ್ಕೊಂಡ್ರು.

"ತಡೀರಿ, ಈಗ ನಮ್ ಸರದಿ. ಸ್ವಾಮ್ಯೋರು ಎಷ್ಟ್ ಓದವ್ರೆ?"