ಶಲಾಕೆಗೆ ಐದೇ ಅರ್ಥ

ನಿಘಂಟು ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿಯಾಗಿಯೇ ಸವೆಯುತ್ತಿದ್ದ ಗುಮಾಸ್ತನ ಕೆಲಸ ಕಾಯಂ ಆಗಲು ಒಂದೇ ಒಂದು ಪದ ಅಡ್ಡ ಬಂದಿತ್ತು: ಶಲಾಕೆ. ಚೂಪು ಮೊನೆಯ ಸಲಕರಣೆ ಎಂದು ಬರೆದು ಕೈತೊಳೆದುಕೊಳ್ಳುವ ಬದಲು ಹಿಂದಿನವರು ಅದಕ್ಕೆ ಹತ್ತು ಅರ್ಥ ಕೂಡಿಹಾಕಿ ಹೋಗಿದ್ದರು. ಪುಟದಲ್ಲಿ ಜಾಗವಿದ್ದದ್ದು ಐದಕ್ಕೆ. ಸಂಜೆಯೊಳಗೆ ಉಳಿದ ಐದನ್ನು ಕೈಬಿಟ್ಟರೆ ಕಾಯಂ ಆದೇಶಕ್ಕೆ ಸಹಿ ಹಾಕುವುದಾಗಿ ಸಂಪಾದಕರು ಮಾತು ಕೊಟ್ಟಿದ್ದರು. ಇದನ್ನು ಹೆಂಡತಿಗೆ ಹೇಳಿಬಿಟ್ಟಿದ್ದೇ ಅವನ ಮೊದಲ ತಪ್ಪು. ಅವಳು ಬೆಳಿಗ್ಗೆಯೇ ತವರಿಗೆಲ್ಲ ಫೋನ್ ಮಾಡಿ, ಕೆಲಸ ಕಾಯಂ ಆಯಿತೆಂದು ಸಾರಿಬಿಟ್ಟಿದ್ದಳು.

ಅರ್ಥ ಕೈಬಿಡಲು ಕಚೇರಿಯಲ್ಲೊಂದು ನಿಯಮವಿತ್ತು. ಆಯಾ ಕಸುಬಿನವರನ್ನು ಕೇಳಬೇಕು. ಅವರು ಗೊತ್ತಿಲ್ಲವೆಂದು ಚೀಟಿಗೆ ಸಹಿ ಹಾಕಿದರೆ ಆ ಅರ್ಥ ಸತ್ತಂತೆ. ಐದು ಜನರಿಂದ ಗೊತ್ತಿಲ್ಲ ಎನ್ನಿಸುವುದು ಯಾವ ಮಹಾ ಎಂದುಕೊಂಡು ಅವನು ಬೀದಿಗಿಳಿದ. ಸಹಾಯಕ್ಕೆಂದು ಕರಡು ತಿದ್ದುವಾಕೆಯೂ ಚೀಟಿಗಳ ಕಟ್ಟು ಹಿಡಿದು ಹೊರಟಳು. ಬೇಡವೆಂದರೆ ಕೇಳುವ ಪೈಕಿ ಅವಳಲ್ಲ.

ಕೊಡೆ ರಿಪೇರಿಯವನು ಆ ಪದ ಕೇಳಿಯೇ ಇರಲಿಲ್ಲ. ಇವನಿಗೆ ಸ್ವರ್ಗ ಮೂರೇ ಗೇಣು. ಅಷ್ಟರಲ್ಲಿ ಕರಡಿನಾಕೆ, ಶಲಾಕೆ ಎಂದರೆ ಕೊಡೆಯ ಕಡ್ಡಿ ಎಂದು ವಿವರಿಸಿಬಿಟ್ಟಳು. ಕೊಡೆಯವನ ಮುಖ ಅರಳಿತು.

"ನಮ್ಮ ಕಸುಬಿಗೆ ಇಷ್ಟು ಹಳೇ ಪದ ಇದೆ ಅಂತ ಗೊತ್ತಾದ್ಮೇಲೆ, ಗೊತ್ತಿಲ್ಲ ಅಂತ ಹೇಗೆ ಬರ್ಕೊಡ್ಲಿ?" ಎಂದ.

ಹಲ್ಲಿನ ಡಾಕ್ಟರು ತಟ್ಟೆಯಲ್ಲಿದ್ದ ಸಲಕರಣೆಗಳನ್ನೆಲ್ಲ ಶಲಾಕೆ ಎಂದೇ ಕರೆದು, ಇವನ ಬಾಯಿ ತೆರೆಸಿ, ಒಂದೊಂದನ್ನೂ ಪ್ರಯೋಗ ಸಮೇತ ತೋರಿಸಿದರು. ಇಲ್ಲ, ಬೇಡ ಎನ್ನಲು ಅವನ ನಾಲಿಗೆಗೆ ಜಾಗವೇ ಇರಲಿಲ್ಲ. ದರ್ಜಿಯಂತೂ ತನ್ನಪ್ಪ ಬೇರೆ ಪದವನ್ನೇ ಬಳಸುತ್ತಿರಲಿಲ್ಲವೆಂದು ಹಸೀ ಸುಳ್ಳು ಹೇಳಿ, ನಿಘಂಟಿನಲ್ಲಿಲ್ಲದ ಎರಡು ಅರ್ಥ ಸೇರಿಸಿದ. ಕ್ಷೌರದಂಗಡಿಯಲ್ಲಿ ಸರದಿಗೆ ಕಾದಿದ್ದವರೂ ಸುಮ್ಮನಿರಲಿಲ್ಲ. ಕರಡಿನಾಕೆ ಎಲ್ಲವನ್ನೂ ದುಂಡಗೆ ಬರೆದು, ಸಹಿ ಹಾಕಿಸಿಕೊಂಡಳು. ನಾಲ್ಕು ಗಂಟೆಯ ಹೊತ್ತಿಗೆ ಹತ್ತು ಅರ್ಥ ಹದಿನಾರಾಗಿತ್ತು.

ಕಚೇರಿಗೆ ಮರಳಿ, ಹೆಚ್ಚಿನ ಚೀಟಿಗಳನ್ನು ಹರಿದು ಹಾಕೋಣವೆಂದು ಅವನು ತಿರುಗಿ ನೋಡಿದರೆ, ಆಕೆ ಆಗಲೇ ಅವನ್ನು ಸಂಪಾದಕರ ಮೇಜಿಗೆ ಮುಟ್ಟಿಸಿದ್ದಳು. ಕರೆ ಬಂತು. ಊದಿದ ಕೆನ್ನೆ ಹಿಡಿದುಕೊಂಡು ಅವನು ಒಳಗೆ ಹೋದ.

ಸಂಪಾದಕರ ಕಣ್ಣಲ್ಲಿ ನೀರು. ಸತ್ತವೆಂದುಕೊಂಡ ಅರ್ಥಗಳಿಗೆ ಜೀವ ಇದೆಯೆಂದು ತೋರಿಸಿದಿರಿ, ಪುಟ ಹೆಚ್ಚಾದರೂ ಹದಿನಾರೂ ಇರಲಿ ಎಂದರು. ಅವನಿಗೆ ಹೋದ ಉಸಿರು ಬಂದಂತಾಯಿತು. ಹೆಂಡತಿಯ ಮುಖ ನೆನೆದು ನಗು ಕೂಡ ಬಂತು.

"ಹಿಂದಿನ ಸಂಪುಟಗಳಲ್ಲಿ ಬಳಕೆ ಇಲ್ಲ ಅಂತ ಆರು ಸಾವಿರ ಪದ ಬಿಟ್ಟಿದ್ದೀವಿ," ಎಂದರು ಸಂಪಾದಕರು. "ನಾಳೆಯಿಂದ ಅವನ್ನೂ ಹೀಗೇ ಬೀದೀಲಿ ಕೇಳ್ಕೊಂಡು ಬನ್ನಿ."

"ಆಗ್ಲಿ ಸರ್. ಮತ್ತೆ ನನ್ನ ಕಾಯಂ ಆದೇಶ?"

ಸಂಪಾದಕರು ಡ್ರಾಯರಿನಿಂದ ಆದೇಶ ತೆಗೆದು, ಅದನ್ನು ಪ್ರೀತಿಯಿಂದಲೇ ಎರಡು ತುಂಡು ಮಾಡಿದರು.

"ಕಾಯಂ ಆದವರನ್ನ ಕಚೇರಿ ಬಿಟ್ಟು ಹೊರಗೆ ಕಳಿಸೋಕೆ ನಿಯಮ ಬಿಡಲ್ಲ ಕಣ್ರೀ. ಪುಣ್ಯಕ್ಕೆ ನೀವಿನ್ನೂ ಆಗಿಲ್ಲ."