ತಲಿ ಕೆಳಗ, ಕಾಲು ಮ್ಯಾಲ, ಕಾಕಾ ದಂಡಿ ಮ್ಯಾಲ

ನಮ್ಮ ಆಟದಲ್ಲಿ ನೋಡುವವರಿಗೆ ಗಾಬರಿಯಾಗದ ದಿನವೇ ಇಲ್ಲ. ಇಬ್ಬರು ಹೆಣ್ಣುಮಕ್ಕಳು ಹಾಡಿಗೆ ತಕ್ಕಂತೆ ನೀರಿನಲ್ಲಿ ಕುಣಿಯಬೇಕು, ಒಟ್ಟಿಗೆ ತಲೆ ಕೆಳಗಾಗಿ ಕಾಲೆತ್ತಬೇಕು, ಮೇಲೆ ಬಂದ ಕೂಡಲೇ ನಗಬೇಕು. ಈಗ ಶಹಾಬಾದಿನ ಹುಡುಗಿಯರಿಗೆ ಇದನ್ನೇ ಕಲಿಸುತ್ತೇನೆ. ಇವತ್ತಿಗೂ ದಂಡೆಯಿಂದ ಯಾರಾದರೂ "ಹುಡುಗಿ ಹೋದ್ಳ್ರೀ!" ಎಂದು ಚೀರುತ್ತಾರೆ. ನನ್ನ ಕಾಲದಲ್ಲಿ ಆ ಕೆಲಸ ನಮ್ಮ ಮನೆಯವರದೇ ಆಗಿತ್ತು.

ನಗು

ನಗುವುದಕ್ಕೂ ಅಭ್ಯಾಸ ಬೇಕು. ರೊಟ್ಟಿ ಬಡಿಯುತ್ತ ಹಲ್ಲು ಕಿರಿದು ಕೂತಿದ್ದೆ. ಪಕ್ಕದ ಮನೆಯ ಚಿಗವ್ವ ಇಣುಕಿದಳು.

"ಯಾಕವಾ, ಒಬ್ಬಾಕೀನೇ ನಗಲಿಕತ್ತೀದಿ?"

"ಪ್ರಾಕ್ಟೀಸ್ ಮಾಡಲಿಕತ್ತೀನಿ."

ಸಂಜೆಗೆ ಚಿತ್ತಾಪುರದಿಂದ ವರನ ಕಡೆಯವರು ಬಂದರು. ಹುಡುಗಿ ಮದುವೆಗೆ ತಯಾರಿದ್ದಾಳೆಂದು ಚಿಗವ್ವನಿಂದ ಸುದ್ದಿ ಹೋಗಿತ್ತಂತೆ. ಅವರೆದುರು ಮಾತ್ರ ನಗು ಬರಲಿಲ್ಲ.

ಮೂಗು

ನೀರು ಹೋಗದಂತೆ ಮೂಗಿಗೆ ಹಾಕುವ ಕ್ಲಿಪ್ ನೋಡಿ ಅಜ್ಜಿಗೆ ಅವಮಾನವಾಯಿತು. "ತಂತಿ ಹಾಕ್ಕೊಂಡು ಮಂದಿ ಮುಂದ ನಿಂದ್ರತೀದಿ?" ಎಂದು ತನ್ನ ಬಂಗಾರದ ನತ್ತು ಕೈಗಿಟ್ಟಳು.

"ಇದರಿಂದ ನೀರು ನಿಲ್ಲೂದಿಲ್ಲ ಅಜ್ಜಿ."

"ನಿಲ್ಲದಿದ್ರ ಬಿಡು. ನೀ ಮುಣುಗಿದ್ರ ಬಂಗಾರದ ಸಲುವಾಗಿಯಾದ್ರೂ ಮಂದಿ ಹುಡುಕ್ತಾರ."

ಕಾಕಾ

ಕಾಕಾನ ಮನೆ ಕಾಗಿಣಾ ನದಿಯ ದಂಡೆಯಲ್ಲಿ. ಹೊಳೆಯಲ್ಲಿ ಮುಳುಗುವವರನ್ನು ಎಳೆದು ತರುವುದು ಅವನಿಗೆ ಉಸಿರಾಡಿದಷ್ಟು ಸಹಜ. ನಾನೂ ನನ್ನ ಜತೆಗಾತಿಯೂ ನೆಲಕ್ಕೆ ಹಾಸುವ ಫರಸಿಕಲ್ಲು ತೆಗೆದು ಬಿಟ್ಟ, ನೀರು ತುಂಬಿದ ಹಳೆಯ ಖಣಿಯಲ್ಲಿ ಅಭ್ಯಾಸ ಮಾಡುತ್ತಿದ್ದೆವು. ನಾಲ್ಕು ಕಾಲು ಮೇಲೆ ಕಂಡದ್ದೇ ತಡ, ಕಾವಲಿಗೆಂದು ಬಂದಿದ್ದ ಕಾಕಾ ಹಾರಿ ಇಬ್ಬರನ್ನೂ ಜುಟ್ಟು ಹಿಡಿದು ಎಳೆದ.

"ಇದು ಆಟ ಅದ ಕಾಕಾ!"

ಮರುದಿನವೂ ಹಾರಿದ. "ಆಟ ಅಂತ ನನಗ ಗೊತ್ತದ. ಕೈಗೆ ತಿಳೀಬೇಕಲ್ಲ!"

ಕೋಚ್ ಮೇಡಂ ಕೈಮುಗಿದರು. "ಕಾಂಪಿಟೇಶನ್‌ದಾಗ ನೀವು ಹಾರಿದ್ರ ಜೋಡೀನೇ ಔಟ್ ಆಗ್ತದ್ರಿ. ರಾಜ್ಯದ ಟೀಮಿನ ಆಸೆ ಬಿಡಬೇಕಾಗ್ತದ." ಹಾರುವುದಿಲ್ಲವೆಂದು ಕಾಕಾ ಹೊಳೆತಾಯಿ ಗಂಗವ್ವನ ಆಣೆ ಮಾಡಿದ.

ಆಣೆ

ಸ್ಪರ್ಧೆಯ ದಿನ ತನ್ನ ಮೇಲೆ ನಂಬಿಕೆಯಿಲ್ಲದೆ ಕಾಕಾ ಕಾಲುಗಳನ್ನು ರುಮಾಲಿನಿಂದ ಕುರ್ಚಿಗೆ ಕಟ್ಟಿಕೊಂಡು ಕೂತ. ಹಾಡು ಇನ್ನೇನು ಮುಗಿಯಬೇಕು, ನನ್ನ ಕಾಲಿನ ಮೀನಖಂಡ ಸೆಟೆದು ಹಿಡಿದುಕೊಂಡಿತು. ಮುಳುಗಿದೆ, ಎದ್ದೆ, ಕೈ ಬೀಸಿದೆ, "ಕಾಕಾ!" ಎಂದು ಕೂಗಿದೆ. ಕಾಕಾ ಚಪ್ಪಾಳೆ ತಟ್ಟಿದ. ಕೊನೆಗೆ ಜತೆಗಾತಿಯೇ, ಕಲಿತ ನಗು ಬಿಡದೆ, ನನ್ನನ್ನು ಜುಟ್ಟು ಹಿಡಿದು ದಂಡೆಗೆ ತಂದಳು. ರಾಜ್ಯ ತಂಡದ ಜಾಗ ಬೇರೆ ಜೋಡಿಗೆ ಹೋಯಿತು.

ನಾನಿನ್ನೂ ಕೆಮ್ಮುತ್ತಿದ್ದೆ. ಕಾಕಾ ಕಾಲು ಬಿಚ್ಚಿಕೊಂಡು, ಕಣ್ಣೊರೆಸಿಕೊಳ್ಳುತ್ತ ಬಂದ.

"ಭಾಳ ಛಂದ ಮುಣುಗಿದಿ ಮಗಳ, ಖರೇನೇ ಅನ್ನಿಸ್ತು! ನಾ ಕಾಲು ಕಟ್ಕೊಂಡಿದ್ದೆ ಅಂತ ಇವತ್ತ ನೀ ಬಚಾವಾದಿ."